ಎಲ್ಲದರ ರೇಟು ಏರುವಾಗ ಸಣ್ಣ ಅಂಗಡಿಯ ಲಾಭ ಉಳಿಸಿಕೊಳ್ಳುವುದು ಹೇಗೆ? ಗಂಗಾವತಿ ಕಡೆಯ ಹೋಟೆಲ್, ಕಿರಾಣಿಯವರಿಗೆ ಸಮಗ್ರ ಮಾರ್ಗದರ್ಶಿ

ಎಣ್ಣೆ, ಬೇಳೆ, ಗ್ಯಾಸು, ಬಾಡಿಗೆ, ಮಕ್ಕಳ ಫೀಸು ಎಲ್ಲ ಒಟ್ಟೊಟ್ಟಿಗೇ ಏರಿದಾಗ ಸಣ್ಣ ಅಂಗಡಿಯವರಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಮಾಲು ತರುವ ರೇಟು ಏರುತ್ತದೆ. ಮನೆ ಖರ್ಚೂ ಏರುವುದರಿಂದ ಗಲ್ಲಾದಿಂದ ತೆಗೆಯುವ ದುಡ್ಡೂ ಜಾಸ್ತಿಯಾಗುತ್ತದೆ. ಗಿರಾಕಿಯ ಪಾಡೂ ಅದೇ. ಎರಡು ಪ್ಲೇಟ್ ತಿನ್ನುತ್ತಿದ್ದವನು ಒಂದಕ್ಕೆ ಇಳಿಯುತ್ತಾನೆ, ನಗದು ಕೊಡುತ್ತಿದ್ದವನು ‘ಬರ್ಕೋ’ ಅನ್ನುತ್ತಾನೆ.

ರೇಟು ಏರಿದ್ದಕ್ಕೇ ಬಾಗಿಲು ಹಾಕಿದ ಅಂಗಡಿ ನಮ್ಮ ಕಡೆ ಕಡಿಮೆ. ತಲೆಯಲ್ಲಿ ಹಳೆ ರೇಟಿನ ಲೆಕ್ಕ ಇಟ್ಟುಕೊಂಡು ಹೊಸ ರೇಟಿನ ಮಾಲು ಮಾರಿ, ಅದನ್ನೂ ಉದ್ರಿ ಕೊಟ್ಟು ಕೂತ ಅಂಗಡಿಗಳೇ ಜಾಸ್ತಿ ಮುಳುಗುತ್ತವೆ. ಹಾಗಾಗಿ ಈ ಬರಹದಲ್ಲಿ ಲೆಕ್ಕ ಮತ್ತು ಉದ್ರಿ, ಈ ಎರಡಕ್ಕೇ ಜಾಸ್ತಿ ಜಾಗ. ಉದಾಹರಣೆಗೆ ಗಂಡ-ಹೆಂಡತಿ ನಡೆಸುವ, ಮಂಡಕ್ಕಿ ಒಗ್ಗರಣೆ ಮತ್ತು ಮಿರ್ಚಿ ಬಜ್ಜಿ ಮಾರುವ ಒಂದು ಹೋಟೆಲ್, ಜೊತೆಗೆ ಅಲ್ಲಲ್ಲಿ ಒಂದು ಕಿರಾಣಿ ಅಂಗಡಿ ತೆಗೆದುಕೊಂಡಿದ್ದೇನೆ. ಇಲ್ಲಿ ಬರುವ ಮಾಲಿನ ರೇಟುಗಳು ಲೆಕ್ಕಕ್ಕೆ ಹಿಡಿದವು. ನಿಮ್ಮ ಊರಿನ ಇವತ್ತಿನ ರೇಟು ಹಾಕಿಕೊಂಡು ನೋಡಿ.

ಹಂತ 1: ಮನೆಯ ದುಡ್ಡು ಬೇರೆ, ಅಂಗಡಿಯ ದುಡ್ಡು ಬೇರೆ

ಗಲ್ಲಾದಿಂದ ತರಕಾರಿಗೆ ನೂರು, ಮಗನ ಪೆಟ್ರೋಲಿಗೆ ಇನ್ನೂರು, ಮದುವೆ ಮುಯ್ಯಿಗೆ ಐನೂರು. ತಿಂಗಳ ಕೊನೆಗೆ ‘ವ್ಯಾಪಾರ ಚೆನ್ನಾಗೇ ಆಯ್ತು, ದುಡ್ಡು ಎಲ್ಲಿ ಹೋಯ್ತೋ’ ಅನ್ನುವುದು ಇಲ್ಲಿಂದಲೇ ಶುರು. ಮನೆ ಖರ್ಚು ಏರಿದ ವರ್ಷ ಈ ಸೋರಿಕೆ ಕಣ್ಣಿಗೆ ಕಾಣದ ಹಾಗೆ ದೊಡ್ಡದಾಗುತ್ತದೆ. ಯಾಕೆಂದರೆ ಮನೆಗೆ ಬೇಕಾದ್ದನ್ನು ಬೇಡ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ.

ನಿಮಗೂ ಒಂದು ಪಗಾರ ಗೊತ್ತು ಮಾಡಿ. ಹೆಂಡತಿ ಒಲೆ ಮುಂದೆ ನಿಂತರೆ ಅವರಿಗೂ ಪಗಾರ ಹಿಡಿಯಿರಿ. ಅವರ ಜಾಗಕ್ಕೆ ಬೇರೆಯವರನ್ನು ಇಟ್ಟರೆ ಎಷ್ಟು ಕೊಡಬೇಕೋ ಅಷ್ಟು. ವಾರಕ್ಕೊಮ್ಮೆ ಅದನ್ನು ಎಣಿಸಿ ಮನೆಗೆ ಒಯ್ಯಿರಿ, ಮಧ್ಯೆ ಗಲ್ಲಾಕ್ಕೆ ಕೈ ಹಾಕಬೇಡಿ. ಬ್ಯಾಂಕ್ ಖಾತೆಯೂ ಎರಡಿರಲಿ. ಅಂಗಡಿಯ ಕ್ಯೂಆರ್ ಕೋಡ್ ಅಂಗಡಿ ಖಾತೆಗೆ ಮಾತ್ರ. ಇದರಿಂದ ತೆರಿಗೆ ವಿಷಯದಲ್ಲೂ ಅನುಕೂಲ ಇದೆ, ಅದು ಕೊನೆಗೆ ಬರುತ್ತದೆ.

ಜೂನ್ ತಿಂಗಳ ಶಾಲೆ ಫೀಸಿಗೆ ಪಿಗ್ಮಿ ಕಟ್ಟಿಡಿ. ಫೀಸು ಬರುತ್ತದೆ ಅಂತ ವರ್ಷಕ್ಕೆ ಮೊದಲೇ ಗೊತ್ತಿರುತ್ತದೆ. ಆದರೂ ಪ್ರತಿ ಜೂನ್‌ನಲ್ಲಿ ಮಾಲಿನ ದುಡ್ಡು ಫೀಸಿಗೆ ಹೋಗಿ, ಮಾಲಿಗೆ ಬಡ್ಡಿ ಸಾಲ ತರುವವರು ಎಷ್ಟು ಮಂದಿ ಇಲ್ಲ!

ಹಂತ 2: ಒಂದೊಂದು ಐಟಂನ ಅಸಲು ಖರ್ಚನ್ನು ತೂಗಿ ತಿಳಿಯಿರಿ

ಇದಕ್ಕೆ ಅಡುಗೆಮನೆಯಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಒಂದು ದಿನ ಬೆಳಗ್ಗೆ ಮಿರ್ಚಿ ಕರಿಯುವ ಮುಂಚೆ ಬಾಣಲೆಗೆ ಸುರಿಯುವ ಎಣ್ಣೆ ತೂಗಿ ಬರೆದಿಡಿ. ಕಡಲೆಹಿಟ್ಟು, ಮೆಣಸಿನಕಾಯಿಯನ್ನೂ ತೂಗಿ. ಕರಿದು ಮುಗಿದು ಎಣ್ಣೆ ಪೂರ್ತಿ ಆರಿದ ಮೇಲೆ ಉಳಿದದ್ದನ್ನು ಮತ್ತೆ ತೂಗಿ. ಕಡಿಮೆಯಾದದ್ದು ಮಿರ್ಚಿ ಕುಡಿದ ಎಣ್ಣೆ. ಹಿಟ್ಟು ತೆಳ್ಳಗಾದರೆ, ಎಣ್ಣೆ ಸರಿಯಾಗಿ ಕಾಯದಿದ್ದರೆ, ಬಾಣಲೆಯಲ್ಲಿ ಒಮ್ಮೆಗೇ ಜಾಸ್ತಿ ಬಿಟ್ಟರೆ ಮಿರ್ಚಿ ಎಣ್ಣೆ ಜಾಸ್ತಿ ಕುಡಿಯುತ್ತದೆ. ಇಬ್ಬರು ಭಟ್ಟರು ಒಂದೇ ಹಿಟ್ಟಿನಲ್ಲಿ ಕರಿದರೂ ಎಣ್ಣೆ ಖರ್ಚು ಬೇರೆ ಬೇರೆ ಬರುವುದು ಇದಕ್ಕೇ.

ಈಗ ಲೆಕ್ಕ. 60 ಮಿರ್ಚಿಗೆ ಒಂದೂವರೆ ಕೆಜಿ ಕಡಲೆಹಿಟ್ಟು 135 ರೂಪಾಯಿ, ಒಂದೂವರೆ ಕೆಜಿ ಮೆಣಸಿನಕಾಯಿ 90, ಕುಡಿದ ಎಣ್ಣೆ 600 ಗ್ರಾಂ 90, ಉಪ್ಪು-ಸೋಡಾ-ಅಜವಾನ 10, ಗ್ಯಾಸು 45, ಕಾಗದ-ತಟ್ಟೆ 15 ಅಂತ ಹಿಡಿಯಿರಿ. ಒಟ್ಟು 385. ಒಂದಕ್ಕೆ 8 ರೂಪಾಯಿಯಂತೆ ಮಾರಿದರೆ 480. ಕೈಯಲ್ಲಿ ಉಳಿಯುವುದು 95. ಬಾಡಿಗೆ, ಪಗಾರ ಎಲ್ಲ ಇದರಲ್ಲೇ ಬರಬೇಕು.

ಎಣ್ಣೆ ಕೆಜಿಗೆ 30 ರೂಪಾಯಿ ಏರಿತು, ಮೆಣಸಿನಕಾಯಿ ಕೆಜಿಗೆ 60ರಿಂದ 90ಕ್ಕೆ ಹೋಯಿತು ಅಂದುಕೊಳ್ಳಿ. ಖರ್ಚು 63 ರೂಪಾಯಿ ಜಾಸ್ತಿ, ಅಂದರೆ ನೂರಕ್ಕೆ 16ರಷ್ಟು. ‘ಅಷ್ಟೇನಾ, ನೋಡ್ಕೊಂಡು ಹೋದ್ರಾಯ್ತು’ ಅನಿಸುತ್ತದೆ. ಆದರೆ ಉಳಿಯುತ್ತಿದ್ದ 95 ಈಗ 32ಕ್ಕೆ ಇಳಿದಿದೆ. ಮೂರು ಪಾಲಿನಲ್ಲಿ ಎರಡು ಪಾಲು ಲಾಭ ಹೋಯಿತು. ವ್ಯಾಪಾರ ಮೊದಲಿನಷ್ಟೇ, ನೂಕುನುಗ್ಗಲೂ ಮೊದಲಿನಷ್ಟೇ, ಗಲ್ಲಾದಲ್ಲಿ ಮಾತ್ರ ದುಡ್ಡಿಲ್ಲ.

ಗ್ಯಾಸಿನ ಲೆಕ್ಕ ಇನ್ನೂ ಸುಲಭ. 19 ಕೆಜಿ ಸಿಲಿಂಡರ್ ಹಚ್ಚಿದ ದಿನ ಅದರ ಮೈಮೇಲೇ ಸೀಮೆಸುಣ್ಣದಲ್ಲಿ ತಾರೀಖು ಬರೆಯಿರಿ. ಎಷ್ಟು ದಿನ ಬಂತು ಅನ್ನುವುದರಿಂದ ದಿನದ ಖರ್ಚು ಗೊತ್ತಾಗುತ್ತದೆ. ಕಮರ್ಷಿಯಲ್ ಸಿಲಿಂಡರ್ ರೇಟು ಸಾಮಾನ್ಯವಾಗಿ ತಿಂಗಳ ಒಂದನೇ ತಾರೀಖು ಬದಲಾಗುತ್ತದೆ, ನಿಮ್ಮ ಅಸಲು ಪಟ್ಟಿಯನ್ನೂ ಅವತ್ತೇ ತಿದ್ದಿ.

ಆಮೇಲೆ ತಿಂಗಳ ಖರ್ಚು. ಬಾಡಿಗೆ 8,000, ಹುಡುಗನ ಪಗಾರ 12,000, ಕರೆಂಟು 2,000, ನಿಮ್ಮ ಪಗಾರ 18,000, ಚಿಲ್ಲರೆ ಖರ್ಚು 2,000. ಒಟ್ಟು 42,000. ತಿಂಗಳಲ್ಲಿ 28 ದಿನ ಅಂಗಡಿ ತೆರೆದರೆ ದಿನಕ್ಕೆ 1,500. ಮಿರ್ಚಿಯಲ್ಲಿ ಕಡಿಮೆ, ಚಹಾ-ಒಗ್ಗರಣೆಯಲ್ಲಿ ಜಾಸ್ತಿ ಉಳಿದು, ಎಲ್ಲ ಸೇರಿ ನೂರು ರೂಪಾಯಿ ವ್ಯಾಪಾರದಲ್ಲಿ 40 ಉಳಿಯುತ್ತದೆ ಎಂದರೆ ದಿನಕ್ಕೆ 3,750 ವ್ಯಾಪಾರ ಆಗಲೇಬೇಕು. ಉಳಿಯುವುದು 33ಕ್ಕೆ ಇಳಿದರೆ 4,545 ಬೇಕು. ಈ ನಿಮ್ಮ ಸಂಖ್ಯೆಯನ್ನು ಗಲ್ಲಾದ ಒಳಮುಚ್ಚಳದ ಮೇಲೆ ಬರೆದು ಅಂಟಿಸಿ. ರಾತ್ರಿ ಎಣಿಸುವಾಗ ಇವತ್ತು ದುಡಿದಿರೋ, ಸುಮ್ನೆ ಬೆವರು ಸುರಿಸಿದಿರೋ ಗೊತ್ತಾಗುತ್ತದೆ.

ಹಂತ 3: ರೇಟು ಏರಿಸುವುದು

ಎಲ್ಲರಿಗೂ ಭಯ ಇಲ್ಲೇ. ಪಕ್ಕದವನು ಏರಿಸಿಲ್ಲ, ನಾನು ಏರಿಸಿದರೆ ಗಿರಾಕಿ ಆ ಕಡೆ ಹೋಗ್ತಾನೆ ಅಂತ. ಹೆದರುವ ಮುಂಚೆ ಲೆಕ್ಕ ಮಾಡಿ. ಎರಡು ಮಿರ್ಚಿ ಹಾಕಿದ ಒಗ್ಗರಣೆ ಪ್ಲೇಟ್ 40 ರೂಪಾಯಿ, ಅದರಲ್ಲಿ 15 ಉಳಿಯುತ್ತದೆ, ದಿನಕ್ಕೆ 80 ಪ್ಲೇಟ್ ಹೋಗುತ್ತದೆ ಅನ್ನಿ. ಉಳಿಕೆ 1,200. ಪ್ಲೇಟ್ 45 ಮಾಡಿದರೆ ಒಂದರಲ್ಲಿ 20 ಉಳಿಯುತ್ತದೆ. ಅದೇ 1,200 ಬರಲು 60 ಪ್ಲೇಟ್ ಸಾಕು. ಅಂದರೆ 20 ಪ್ಲೇಟ್ ಕಡಿಮೆ ಹೋದರೂ ನಿಮಗೆ ನಷ್ಟವಿಲ್ಲ. ಐದು ರೂಪಾಯಿಗೆ ನಾಲ್ಕರಲ್ಲೊಬ್ಬ ಗಿರಾಕಿ ಬಿಟ್ಟು ಹೋಗುತ್ತಾನಾ? ರುಚಿ ಕೆಟ್ಟರೆ ಹೋಗುತ್ತಾನೆ, ರೇಟಿಗೆ ಅಷ್ಟು ಮಂದಿ ಹೋಗುವುದನ್ನು ನಾನಂತೂ ಕಂಡಿಲ್ಲ.

ಎಲ್ಲವನ್ನೂ ಒಂದೇ ದಿನ ಏರಿಸಬೇಡಿ. ಚಹಾ, ಬಿಡಿ ಮಿರ್ಚಿಯ ರೇಟು ಊರಿಗೆಲ್ಲ ಬಾಯಿಪಾಠ, ಅವನ್ನು ಕೊನೆಗೆ ಮುಟ್ಟಿ. ಮೊದಲು ಪ್ಲೇಟ್ ಒಗ್ಗರಣೆ, ಪಾರ್ಸೆಲ್, ಮದುವೆ-ಮುಂಜಿ ಆರ್ಡರ್. ಪಾರ್ಸೆಲ್‌ಗೆ ಡಬ್ಬಿ, ಕವರ್ ಖರ್ಚು ಹಾಕದೇ ಇರುವವರು ಇನ್ನೂ ಇದ್ದಾರೆ. ದಿನಾ ಬರುವವರಿಗೆ ನಾಲ್ಕು ದಿನ ಮುಂಚೆ ಬಾಯಿಬಿಟ್ಟು ಹೇಳಿ: ‘ಕಾಕಾ, ಸೋಮವಾರದಿಂದ ಪ್ಲೇಟಿಗೆ ಐದು ರೂಪಾಯಿ ಜಾಸ್ತಿ, ಎಣ್ಣೆ ರೇಟು ನಿಮಗೂ ಗೊತ್ತೈತಲ್ಲ.’ ಬೈದುಕೊಂಡಾದರೂ ಬರುತ್ತಾರೆ.

ಮಿರ್ಚಿ ಸಣ್ಣದು ಮಾಡುವುದು, ಶೇಂಗಾ ಕೈಬಿಡುವುದು, ಚಟ್ನಿಪುಡಿ ತೆಳ್ಳಗೆ ಉದುರಿಸುವುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಭಾಗದವರು ಬೇರೆ ಎಲ್ಲದರಲ್ಲಿ ಮೋಸ ಹೋದರೂ ಮಿರ್ಚಿಯ ಗಾತ್ರದಲ್ಲಿ ಹೋಗುವುದಿಲ್ಲ.

ಹಂತ 4: ಉದ್ರಿ

ನಮ್ಮ ತುಂಗಭದ್ರಾ ಕಾಲುವೆ ಸೀಮೆಯಲ್ಲಿ ಉದ್ರಿ ಇಲ್ಲದೆ ವ್ಯಾಪಾರ ಇಲ್ಲ. ಜುಲೈ-ಆಗಸ್ಟಲ್ಲಿ ನಾಟಿ, ಗೊಬ್ಬರ, ಕೂಲಿ ಅಂತ ರೈತರ ಕೈ ಖಾಲಿ. ಭತ್ತ ಕೊಯ್ದು ಮಾರುವುದು ನವೆಂಬರ್-ಡಿಸೆಂಬರ್. ನಡುವಿನ ತಿಂಗಳೆಲ್ಲ ‘ಭತ್ತ ಮಾರಿದ ಮ್ಯಾಲೆ ಒಮ್ಮೆಗೇ ಕೊಡ್ತೀನಿ, ಬರ್ಕೋ’. ಅವರ ಮಾತೇನೂ ಸುಳ್ಳಲ್ಲ, ಬಹಳ ಮಂದಿ ಕೊಡುತ್ತಾರೆ ಕೂಡ. ತೊಂದರೆ ಇರುವುದು ನಡುವಿನ ಐದು ತಿಂಗಳಲ್ಲಿ.

ಕಿರಾಣಿ ಅಂಗಡಿಯವರು 920ಕ್ಕೆ ತಂದ ಮಾಲನ್ನು ಸಾವಿರಕ್ಕೆ ಉದ್ರಿ ಕೊಟ್ಟರು. ಪುಸ್ತಕದಲ್ಲಿ ಲಾಭ 80. ಐದು ತಿಂಗಳ ಮೇಲೆ ಸಾವಿರ ಕೈಗೆ ಬಂತು. ಅಷ್ಟರಲ್ಲಿ ಅದೇ ಮಾಲಿನ ರೇಟು ನೂರಕ್ಕೆ ಆರು ಏರಿದ್ದರೆ ಮತ್ತೆ ತುಂಬಿಸಲು 975 ಬೇಕು. ಉಳಿದದ್ದು 25. ಇದು ಸ್ವಂತ ದುಡ್ಡಿನ ಕಥೆ. ಮಾಲು ತಂದದ್ದು ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲದಲ್ಲಾದರೆ ಐದು ತಿಂಗಳ ಬಡ್ಡಿಯೇ 92. ಲಾಭ 80, ಬಡ್ಡಿ 92. ಮಾಲು ಹೊತ್ತು ತಂದು, ತೂಗಿ ಕೊಟ್ಟು, ಪುಸ್ತಕ ಬರೆದು, ಕೊನೆಗೆ ಕೈಯಿಂದಲೇ 12 ರೂಪಾಯಿ ಹಾಕಿದ ಹಾಗಾಯಿತು.

ಹಾಗಂತ ‘ಇಂದು ನಗದು ನಾಳೆ ಉದ್ರಿ’ ಬೋರ್ಡ್ ಹಾಕಿ ಕೂತರೆ ಆಗುವುದಿಲ್ಲ. ಓಣಿಯಲ್ಲಿ ಬಾಳ್ವೆ ಮಾಡಬೇಕಲ್ವಾ. ಹೀಗೆ ಮಾಡಿ ನೋಡಿ.

ಮೊದಲು ಇರುವ ಉದ್ರಿ ಪುಸ್ತಕ ತೆಗೆದು ಹೆಸರುಗಳನ್ನು ಮೂರು ಗುಂಪು ಮಾಡಿ. ವಾರಕ್ಕೋ ತಿಂಗಳಿಗೋ ತಪ್ಪದೆ ಕೊಡುವವರು, ಸುಗ್ಗಿಗೆ ಕೊಡುವವರು, ಎರಡು ಸುಗ್ಗಿ ಕಳೆದರೂ ಕೊಡದವರು. ಮೂರನೆಯವರಿಗೆ ಹೊಸ ಉದ್ರಿ ಬಂದ್. ಅವರ ಹಳೆ ಬಾಕಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟಾದರೂ ನಗದು ತೆಗೆದುಕೊಂಡು ಲೆಕ್ಕ ಹರಿದುಹಾಕಿ. ಎರಡು ಸಾವಿರದ ಬಾಕಿಯಲ್ಲಿ ಇವತ್ತು ಬಂದ 1,500 ಒಳ್ಳೆಯದು. ಮುಂದಿನ ಉಗಾದಿಗೆ ಬರಬಹುದಾದ ಎರಡು ಸಾವಿರ ನಂಬಿ ಕೂರಬೇಡಿ.

ಎರಡನೆಯದಾಗಿ ಪ್ರತಿ ಮನೆಗೂ ಒಂದು ಮಿತಿ ಹಾಕಿ. ಮಿತಿ ಮುಟ್ಟಿದಾಗ ಇಲ್ಲ ಅನ್ನುವ ಬದಲು, ‘ಅಣ್ಣ, ಹಳೇದರಾಗ ಐದುನೂರು ಕೊಟ್ಟು ಇವತ್ತಿಂದು ಒಯ್ಯಿರಿ’ ಅನ್ನಿ. ಇಷ್ಟಕ್ಕೆ ಯಾರೂ ಮುಖ ತಿರುಗಿಸುವುದಿಲ್ಲ. ಸಂತೆಯ ದಿನ, ಕೂಲಿ ಬಟವಾಡೆಯ ದಿನ ಕೇಳುವುದಕ್ಕೂ ಬೇರೆ ದಿನ ಕೇಳುವುದಕ್ಕೂ ವ್ಯತ್ಯಾಸ ಇದೆ. ಮನೆಯ ಕಿರಾಣಿ ಬಾಕಿಯನ್ನು ಮನೆಯ ಹೆಣ್ಣುಮಕ್ಕಳ ಹತ್ತಿರ ಮಾತಾಡುವುದು ಲೇಸು. ಗೃಹಲಕ್ಷ್ಮಿಯ ಎರಡು ಸಾವಿರ ಖಾತೆಗೆ ಬಿದ್ದ ವಾರ ಕಿರಾಣಿ ಬಾಕಿ ಎಷ್ಟೋ ತೀರುತ್ತದೆ.

ಎಣ್ಣೆ, ಸಕ್ಕರೆ, ಬೀಡಿ-ಸಿಗರೇಟಿನಂಥ ಲಾಭ ಕಡಿಮೆ ಇರುವ ಮಾಲನ್ನು ಉದ್ರಿಗೆ ಕೊಡಲೇಬೇಡಿ. ಉದ್ರಿ ಬರೆದ ಕೂಡಲೇ ಒಟ್ಟು ಬಾಕಿ ಎಷ್ಟಾಯಿತು ಅಂತ ಅವರ ವಾಟ್ಸಾಪ್‌ಗೆ ಒಂದು ಮೆಸೇಜ್ ಹಾಕಿ. ಡಿಸೆಂಬರಲ್ಲಿ ‘ಇಷ್ಟೆಲ್ಲ ಎಲ್ಲಿ ತಿಂದ್ವಿ ನಾವು’ ಅನ್ನುವ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ. ಒಟ್ಟಾರೆ ಉದ್ರಿ ನಿಮ್ಮ ಎರಡು ವಾರದ ವ್ಯಾಪಾರ ದಾಟಲು ಬಿಡಬೇಡಿ ಅನ್ನುವುದು ನನ್ನ ಸಲಹೆ. ದಾಟಿದರೆ ಆಮೇಲೆ ನಿಮಗೂ ಹೋಲ್‌ಸೇಲ್‌ನವರಿಗೂ ನಡುವೆ ಉದ್ರಿ ಶುರುವಾಗುತ್ತದೆ. ಉದ್ರಿ ತರುವವರಿಗೆ ಅವರು ಹೇಳಿದ್ದೇ ರೇಟು.

ಹಂತ 5: ಕಾಲುವೆ ನೋಡಿ ಮಾಲು ತುಂಬಿ

ಗಂಗಾವತಿ, ಕಾರಟಗಿ, ಸಿಂಧನೂರಿನ ವ್ಯಾಪಾರ ನಿಂತಿರುವುದು ತುಂಗಭದ್ರೆಯ ನೀರಿನ ಮೇಲೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ರೈತರ ಜೊತೆ ಬಟ್ಟೆ ಅಂಗಡಿ, ಬಂಗಾರದಂಗಡಿ, ಹೋಟೆಲಿನವರ ನಿದ್ದೆಯೂ ಹೋಗಿತ್ತು. ಹಾಗಾಗಿ ನೀರಾವರಿ ಸಲಹಾ ಸಮಿತಿ ಸಭೆಯ ಸುದ್ದಿಯನ್ನು ಅಂಗಡಿಯವರೂ ಓದಬೇಕು. ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನವಾದರೆ ಏಪ್ರಿಲ್-ಮೇ ಸುಗ್ಗಿಯ ದುಡ್ಡು ಊರಿಗೆ ಬರುವುದಿಲ್ಲ. ಜನವರಿಯಿಂದಲೇ ಉದ್ರಿ ಬಿಗಿ ಮಾಡಿ, ಹೊಸ ಫ್ರಿಜ್ಜು, ಹೊಸ ಕಪಾಟು ಮುಂದಕ್ಕೆ ಹಾಕಿ. ರೇಟು ಏರಿಸುವುದಿದ್ದರೂ ಡಿಸೆಂಬರ್-ಜನವರಿಯೇ ಒಳ್ಳೆಯ ಕಾಲ. ಭತ್ತದ ದುಡ್ಡು ಓಡಾಡುತ್ತಿರುತ್ತದೆ, ಕೊಪ್ಪಳದ ಗವಿಮಠದ ಜಾತ್ರೆಯೂ ಆಗಲೇ.

ಅಕ್ಕಿ ವಿಷಯದಲ್ಲಿ ನಾವು ಪುಣ್ಯವಂತರು, ಮಿಲ್ಲುಗಳು ಬಾಗಿಲಲ್ಲೇ ಇವೆ. ಊಟದ ಹೋಟೆಲಿನವರು ಸುಗ್ಗಿಯಲ್ಲಿ ಹೊಸ ಸೋನಾಮಸೂರಿ ತಂದಿಟ್ಟು ಹಳೆಯದಾದ ಮೇಲೆ ಬಳಸಬಹುದು. ಹಳೆ ಅಕ್ಕಿಗೆ ರೇಟು ಜಾಸ್ತಿ, ಅನ್ನ ಉದುರಾಗಿ ಒದಗುತ್ತದೆ. ಆದರೆ ಇದು ಕೈಯಲ್ಲಿ ಸ್ವಂತ ದುಡ್ಡು, ಒಣ ಜಾಗ ಎರಡೂ ಇದ್ದವರಿಗೆ ಮಾತ್ರ. ಬಡ್ಡಿಗೆ ತಂದು ಅಕ್ಕಿ ಇಟ್ಟರೆ ನುಸಿಗಿಂತ ಮುಂಚೆ ಬಡ್ಡಿ ತಿನ್ನುತ್ತದೆ.

ಎಣ್ಣೆಯನ್ನು ಮಾತ್ರ ಗಾಳಿಸುದ್ದಿ ಕೇಳಿ ತುಂಬಿಡಬೇಡಿ. ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು. ರೇಟು ಇಲ್ಲಿನ ಮಳೆ-ಬೆಳೆಗಿಂತ ಆಮದು ಸುಂಕದ ಮಾತು ಕೇಳುತ್ತದೆ. 2024ರ ಸೆಪ್ಟೆಂಬರಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗೆ ಶೇ. 20 ಮೂಲ ಸುಂಕ ಹಾಕಿತು, ರೇಟು ಹಾರಿತು. 2025ರ ಮೇ ಕೊನೆಗೆ ಅದನ್ನು ಶೇ. 10ಕ್ಕೆ ಇಳಿಸಿತು. ಏರಿದಾಗ ತುಂಬಿಟ್ಟವರಿಗೆ ಇಳಿದಾಗ ಹೊಟ್ಟೆ ಉರಿ. ಹತ್ತು-ಹದಿನೈದು ದಿನದ ಎಣ್ಣೆ ಸಾಕು. ಪ್ಯಾಕೆಟ್ ತರುವವರು ಗ್ರಾಂ ಓದಿ. ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ನೋಡಲು ಅಷ್ಟೇ ದೊಡ್ಡದು ಕಾಣುವ 850 ಗ್ರಾಂ, ಅದಕ್ಕೂ ಕಡಿಮೆಯ ಪ್ಯಾಕೆಟ್‌ಗಳು ಮಾರ್ಕೆಟ್‌ನಲ್ಲಿವೆ. ರೇಟನ್ನು ಕೆಜಿ ಲೆಕ್ಕಕ್ಕೆ ತಿರುಗಿಸಿ ಹೋಲಿಸಿ. ಕಡಲೆಹಿಟ್ಟು, ಬೇಳೆಯನ್ನು ನಾಲ್ಕೈದು ಅಂಗಡಿಯವರು ಸೇರಿ ಚೀಲದ ಲೆಕ್ಕದಲ್ಲಿ, ನಗದಿಗೆ ತಂದರೆ ಚೌಕಾಸಿಗೆ ಬಲ ಬರುತ್ತದೆ.

ಕರಿದ ಎಣ್ಣೆಯನ್ನು ಕಪ್ಪಾಗುವ ತನಕ ಎಳೆಯುವುದು ಉಳಿತಾಯ ಅಲ್ಲ. ಹಳೆ ಎಣ್ಣೆ ಬೇಗ ಹೊಗೆ ಬಿಡುತ್ತದೆ, ನೊರೆ ಬರುತ್ತದೆ, ಮಿರ್ಚಿ ಜಿಡ್ಡಾಗುತ್ತದೆ. ಆಹಾರ ಸುರಕ್ಷತೆ ನಿಯಮದ ಪ್ರಕಾರ ಒಟ್ಟು ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶ) ಶೇ. 25 ದಾಟಿದ ಎಣ್ಣೆ ಬಳಸುವ ಹಾಗೂ ಇಲ್ಲ.

ಹಂತ 6: ಗ್ಯಾಸು, ಕರೆಂಟು

ಉರಿ ಹಳದಿಯಾಗಿ ಪಾತ್ರೆ ತಳ ಕಪ್ಪಾಗುತ್ತಿದ್ದರೆ ಗ್ಯಾಸು ಪೋಲಾಗುತ್ತಿದೆ ಅಂತಲೇ ಅರ್ಥ. ಬರ್ನರ್ ತೂತುಗಳನ್ನು ಪಿನ್ನಿನಿಂದ ಬಿಡಿಸಿ. ಚಹಾ ಪಾತ್ರೆಯನ್ನು ಗಿರಾಕಿ ಇಲ್ಲದಾಗಲೂ ಕುದಿಸುತ್ತ ಇಡುವ ಬದಲು ಫ್ಲಾಸ್ಕಿಗೆ ಬಗ್ಗಿಸಿ. ಮನೆಯ 14.2 ಕೆಜಿ ಸಿಲಿಂಡರ್ ಹೋಟೆಲಿಗೆ ತರುವುದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ಉಳಿಸಿದ್ದಕ್ಕಿಂತ ಜಾಸ್ತಿ ಹೋಗುತ್ತದೆ.

ಜೆಸ್ಕಾಂ ಬಿಲ್ಲಿನಲ್ಲಿ ಯೂನಿಟ್‌ಗಿಂತ ಮುಂಚೆ ‘ನಿಗದಿತ ಶುಲ್ಕ’ ನೋಡಿ. ಅದು ಮಂಜೂರಾದ ಲೋಡಿನ ಮೇಲೆ ಬರುತ್ತದೆ, ಅಂಗಡಿ ಮುಚ್ಚಿದ್ದರೂ ಕಟ್ಟಬೇಕು. ಹಿಂದಿನ ಬಾಡಿಗೆದಾರ ಗಿರಣಿಯನ್ನೋ ವೆಲ್ಡಿಂಗ್ ಅಂಗಡಿಯನ್ನೋ ಇಟ್ಟಿದ್ದರೆ ಆ ದೊಡ್ಡ ಲೋಡಿಗೆ ನೀವು ಸುಮ್ನೆ ದುಡ್ಡು ಕಟ್ಟುತ್ತಿರಬಹುದು. ಮಾಲೀಕರನ್ನು ಕರೆದುಕೊಂಡು ಹೋಗಿ ಲೋಡ್ ಇಳಿಸಲು ಅರ್ಜಿ ಕೊಡಿ. ಮನೆ ಮತ್ತು ಅಂಗಡಿ ಒಂದೇ ಕಟ್ಟಡದಲ್ಲಿದ್ದರೆ ಮೀಟರ್ ಬೇರೆ ಮಾಡಿಸಿ. ಗೃಹಜ್ಯೋತಿ ಮನೆಗೆ ಮಾತ್ರ ಇರುವುದು. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಒಲೆ ಪಕ್ಕದಲ್ಲಿಟ್ಟ ಫ್ರಿಜ್ಜು ದಿನವಿಡೀ ಓಡುತ್ತಲೇ ಇರುತ್ತದೆ, ಜಾಗ ಬದಲಿಸಿ. ಮಾರ್ಚ್‌ನಿಂದ ಹಿಟ್ಟು ಒಂದೇ ಸಲ ಕಲಸದೆ ಎರಡು ಸಲ ಮಾಡಿಕೊಳ್ಳಿ, ಹುಳಿ ಬಂದು ಚೆಲ್ಲುವುದು ತಪ್ಪುತ್ತದೆ.

ಹಂತ 7: ಸಾಲ ಬೇಕಾದರೆ

ಬಾಗಿಲಿಗೇ ಬಂದು ಕೊಡುವ ಡೈಲಿ ಫೈನಾನ್ಸ್ ಸುಲಭ ಕಾಣುತ್ತದೆ. ಹತ್ತು ಸಾವಿರ ಅಂತ ಹೇಳಿ ಕೈಗೆ ಒಂಬತ್ತು ಸಾವಿರ ಕೊಡುತ್ತಾರೆ, ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ‘ಸಾವಿರ ತಾನೇ’ ಅನಿಸುತ್ತದೆ. ಆದರೆ ಮೊದಲ ದಿನದಿಂದಲೇ ತೀರಿಸುತ್ತ ಬರುವುದರಿಂದ ಆ ಒಂಬತ್ತು ಸಾವಿರ ಪೂರ್ತಿ ನಿಮ್ಮ ಕೈಯಲ್ಲಿ ಇರುವುದೇ ಇಲ್ಲ. ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿ ನೂರಕ್ಕೆ 75 ದಾಟುತ್ತದೆ. ಮಿರ್ಚಿಯಲ್ಲಿ ಅಷ್ಟು ಲಾಭ ಯಾರಿಗೂ ಇಲ್ಲ.

ತಳ್ಳುಗಾಡಿ, ಬೀದಿಬದಿಯ ವ್ಯಾಪಾರಿಗಳು ನಗರಸಭೆಯಲ್ಲಿ ಪಿಎಂ ಸ್ವನಿಧಿ ವಿಚಾರಿಸಿ. 2025ರಲ್ಲಿ ಪರಿಷ್ಕರಿಸಿದ ಮೇಲೆ ಮೊದಲ ಸಾಲ 15,000 ವರೆಗೆ, ಸರಿಯಾಗಿ ತೀರಿಸಿದರೆ 25,000, ಆಮೇಲೆ 50,000. ಸಮಯಕ್ಕೆ ಕಟ್ಟಿದರೆ ಶೇ. 7 ಬಡ್ಡಿ ಸಹಾಯಧನ ಬರುತ್ತದೆ. ಅಂಗಡಿ ಇಟ್ಟವರಿಗೆ ಮುದ್ರಾ ಇದೆ. ಅದರಲ್ಲಿ ಶಿಶು ಸಾಲ 50,000 ವರೆಗೆ, ಅಡಮಾನ ಬೇಡ. ಬ್ಯಾಂಕಿನವರು ಮೊದಲು ನೋಡುವುದು ಖಾತೆಯ ವಹಿವಾಟು. ಹಂತ 1 ಮಾಡಿದ್ದರೆ ತೋರಿಸಲು ನಿಮ್ಮ ಹತ್ತಿರ ಏನಾದರೂ ಇರುತ್ತದೆ.

ಹಂತ 8: ಜಿಎಸ್‌ಟಿ ಲೆಕ್ಕ ಮೊದಲೇ ಇರಲಿ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದಲ್ಲಿ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಅಂತ ಬರೆದವು. ಹಾಗೆ ಮಾಡಿದರೆ ಗಿರಾಕಿ ಹೋಗುತ್ತಾನೆ, ತೆರಿಗೆ ಉಳಿಯುವುದಿಲ್ಲ. ನಗದು ವ್ಯಾಪಾರವೂ ವಹಿವಾಟಿನ ಲೆಕ್ಕಕ್ಕೇ ಸೇರುತ್ತದೆ. ಬರೀ ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ, ಹೋಟೆಲಿನವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. 20 ಲಕ್ಷ ಅಂದರೆ ದಿನಕ್ಕೆ ಸುಮಾರು 5,500 ವ್ಯಾಪಾರ. ಬಸ್ ನಿಲ್ದಾಣದ ಹತ್ತಿರದ ಮಿರ್ಚಿ ಹೋಟೆಲಿಗೆ ಅದೇನೂ ದೊಡ್ಡ ಮಾತಲ್ಲ. ಊರಿನ ಅಳಿಯ, ತಮ್ಮ ಕಳಿಸಿದ ದುಡ್ಡೂ ಅಂಗಡಿಯ ಖಾತೆಗೇ ಬಿದ್ದಿದ್ದರೆ ಅದು ವ್ಯಾಪಾರದ್ದಲ್ಲ ಅಂತ ತೋರಿಸುವುದು ನಿಮ್ಮ ತಲೆಗೇ ಬರುತ್ತದೆ.

ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಪದ್ಧತಿಯಾದ ಕಾಂಪೋಸಿಷನ್ ಸ್ಕೀಮಿನಲ್ಲಿ ಹೋಟೆಲಿನವರು ವಹಿವಾಟಿನ ಮೇಲೆ ಶೇ. 5 ಕಟ್ಟಬೇಕು, ಬಿಲ್ಲಿನಲ್ಲಿ ಗಿರಾಕಿಯಿಂದ ತೆರಿಗೆ ಅಂತ ವಸೂಲಿ ಮಾಡುವ ಹಾಗಿಲ್ಲ. ದಿನಕ್ಕೆ 6,000 ವ್ಯಾಪಾರವಾದರೆ 300 ರೂಪಾಯಿ ನಿಮ್ಮ ಲಾಭದಿಂದಲೇ ಹೋಗುತ್ತದೆ. ಮಿತಿ ಹತ್ತಿರ ಬರುತ್ತಿದ್ದರೆ ನೂರಕ್ಕೆ ಆ ಐದು ರೂಪಾಯಿಯನ್ನು ಈಗಲೇ ಅಸಲಿನಲ್ಲಿ ಸೇರಿಸಿ ರೇಟು ಕಟ್ಟಿ. ತೆರಿಗೆ ಮೂರು ತಿಂಗಳಿಗೊಮ್ಮೆ ಕಟ್ಟಬೇಕು, ರಿಟರ್ನ್ ವರ್ಷಕ್ಕೊಂದು. ಇದಕ್ಕೆಲ್ಲ ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ಆಡಿಟರನ್ನು ಮೊದಲೇ ಕೇಳಿ, ಆ ಫೀಸನ್ನೂ ತಿಂಗಳ ಖರ್ಚಿನ ಪಟ್ಟಿಗೆ ಬರೆದುಕೊಳ್ಳಿ.